ಐದನೇ ಹೆಸರು

ಒವೈಸನ ಅಂಗಡಿ ನೌಬಾದದಲ್ಲಿ, ಮುಖ್ಯ ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯ ಮೂಲೆಯಲ್ಲಿದೆ. ಝೆರಾಕ್ಸ್, ಆಧಾರ್ ತಿದ್ದುಪಡಿ, ಪಹಣಿ, ಬಸ್ ಪಾಸ್ ಎಂದು ಬೋರ್ಡಿನ ಮೇಲೆ ಬರೆಸಿದ್ದಾನೆ. ಎಲ್ಲಕ್ಕಿಂತ ಕೆಳಗೆ ಹೊಸದಾಗಿ ಅಂಟಿಸಿದ ಹಳದಿ ಕಾಗದದಲ್ಲಿ ‘ಸಿಬಿಲ್ ಸರಿಪಡಿಸಲಾಗುವುದು’ ಎಂದಿದೆ. ನಾನು ಅದನ್ನು ನೋಡಿಯೇ ಒಳಗೆ ಹೋಗಿದ್ದೆ.

ಅವನು ಪ್ರಿಂಟರಿನಿಂದ ನನ್ನ ಸಾಲದ ವರದಿಯ ಏಳು ಹಾಳೆ ತೆಗೆದು ಪಿನ್ ಹೊಡೆದು ಮೊದಲ ಹಾಳೆಯನ್ನು ನನ್ನ ಕಡೆ ತಿರುಗಿಸಿದ.

“ಐನೂರಾ ಮೂವತ್ತೆಂಟು ಮೇಡಂ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಇದ್ದಿದ್ರ ಪೇಡೆ ಹಂಚಬೌದಿತ್ತು.”

“ಎಷ್ಟು ಇರಬೇಕಾಗ್ತದ?”

“ಏಳ್ನೂರರ ಮ್ಯಾಲ ಇದ್ರ ಯಾರೂ ಕೇಳಂಗಿಲ್ಲ. ನಿಮ್ದು ಯಾಕ ಬಿದ್ದದ ನೋಡ್ರಿ ಇಲ್ಲಿ.” ಬೆರಳಿಟ್ಟು ಓದಿದ. “ಒಂದೇ ಒಂದು ಸಾಲ. ಎರಡು ಸಾವಿರದ ಹತ್ತೊಂಬತ್ತು, ಭಾಲ್ಕಿ ಬ್ರಾಂಚ್. ಗುಂಪು ಸಾಲ ಮೂವತ್ತು ಸಾವಿರ. ಬಾಕಿ ಹತ್ತು ಸಾವಿರದ ಮುನ್ನೂರ ಐವತ್ತು. ರೈಟ್ ಆಫ್ ಅಂತ ಹಾಕ್ಯಾರ. ಅಂದ್ರ ನಿಮ್ಮ ಹೆಸರಿಗಿ ಎಳ್ಳುನೀರು ಬಿಟ್ಟಾರ. ನೀವೇ ತಗೊಂಡಿದ್ರೇನು?”

“ಇಲ್ಲ,” ಎಂದೆ.

ನನ್ನ ಚೀಲದಲ್ಲಿ ಬ್ಯಾಂಕಿನ ಪತ್ರವಿತ್ತು. ನಾಲ್ಕನೇ ಪ್ರಯತ್ನದಲ್ಲಿ ಕ್ಲರ್ಕ್ ಹುದ್ದೆಗೆ ಆಯ್ಕೆಯಾಗಿದ್ದೆ. ನವೆಂಬರ್ ಇಪ್ಪತ್ತೆಂಟರೊಳಗೆ ಹಾಜರಾಗಬೇಕು, ಬರುವಾಗ ಸಾಲದ ವರದಿ ತರಬೇಕು, ಬಾಕಿ ಇದ್ದರೆ ಸಾಲ ಕೊಟ್ಟವರಿಂದ ಬೇಬಾಕಿ ಪತ್ರ ತರಬೇಕು, ಅದಿಲ್ಲವಾದರೆ ಆಯ್ಕೆ ರದ್ದು ಎಂದು ಅದರಲ್ಲಿತ್ತು. ಬೇರೆಯವರ ಹಣ ಎಣಿಸುವವರು ತಮ್ಮ ಹಣದಲ್ಲಿ ಸರಿ ಇರಬೇಕು ಎಂಬುದು ಅವರ ಲೆಕ್ಕ. ಅವತ್ತು ನವೆಂಬರ್ ಮೂರು.

ನಾನು ಇಲ್ಲ ಎಂದದ್ದು ಯಾವ ಅರ್ಥದಲ್ಲಿ ಎಂದು ಹೇಳಬೇಕು.

ನಮ್ಮ ಊರು ಔರಾದ ತಾಲೂಕಿನ ಎಕಂಬಾ. ಬಿ.ಕಾಂ ಓದುವಾಗ ಎರಡು ವರ್ಷ ಭಾಲ್ಕಿಯಲ್ಲಿ ನನ್ನ ಅವ್ವನ ತಂಗಿ ಜಿಜಾಬಾಯಿ ಮಾವಶಿಯ ಮನೆಯಲ್ಲಿದ್ದೆ. ಆ ಓಣಿಯಲ್ಲಿ ಸಾಲದ ಕಂಪನಿಗಳನ್ನು ಯಾರೂ ಅವುಗಳ ಹೆಸರಿನಿಂದ ಕರೆಯುತ್ತಿರಲಿಲ್ಲ. ಹಪ್ತಾ, ಅಂದರೆ ವಾರದ ಕಂತು, ಕಟ್ಟುವ ದಿನದಿಂದ ಕರೆಯುತ್ತಿದ್ದರು. ಸೋಮವಾರದವರು, ಮಂಗಳವಾರದವರು, ಶುಕ್ರವಾರದವರು. ಮಂಗಳವಾರದವರು ಐದು ಹೆಂಗಸರ ಗುಂಪಿಗೆ ಮಾತ್ರ ಸಾಲ ಕೊಡುತ್ತಿದ್ದರು. ಐವರಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದ ನಾಲ್ವರು ಕಟ್ಟಬೇಕು. ಒಂದು ಮನೆಗೆ ಒಂದೇ ಸಾಲ. ಹೀಗಾಗಿ ಹಣ ಬೇಕಾದವರು ನಾಲ್ಕೇ ಮಂದಿ ಇದ್ದಾಗ, ಅಥವಾ ಒಬ್ಬಳ ಹೆಸರಿನಲ್ಲಿ ಮೊದಲೇ ಬೇರೆ ವಾರದ ಸಾಲ ಇದ್ದಾಗ, ಐದನೆಯವಳಾಗಿ ಇನ್ನೊಬ್ಬಳ ಹೆಸರು ತರುತ್ತಿದ್ದರು. ಅದಕ್ಕೆ ‘ಹೆಸರು ಕೊಡುವುದು’ ಎನ್ನುತ್ತಿದ್ದರು. ಜರಡಿ ಕೊಟ್ಟ ಹಾಗೆ, ಮದುವೆಗೆ ಸೀರೆ ಕೊಟ್ಟ ಹಾಗೆ. ಹೆಸರು ಕೊಟ್ಟವಳಿಗೆ ಗುಂಪಿನ ಲೀಡರ್ ಒಂದು ಕುಬಸದ ಖಣ ಕೊಡುವುದು ರೂಢಿ. ಬೇರೆ ಲಾಭ ಯಾರೂ ಕೇಳುತ್ತಿರಲಿಲ್ಲ.

ಮಾವಶಿಯ ಹೆಸರಿನಲ್ಲಿ ಶುಕ್ರವಾರದ ಸಾಲವಿತ್ತು. ನಾನು ಹೆಸರು ಕೊಟ್ಟೆ, ಮನೆಯಲ್ಲಿ ಕರೆಯುವ ಮಾಯಾ ಅಲ್ಲ, ಆಧಾರಿನಲ್ಲಿದ್ದ ಮಹಾಮಾಯಾ. ನನಗೆ ಇಪ್ಪತ್ತು ವರ್ಷ. “ಬರೇ ಕಾಗದದ ಮ್ಯಾಲ ಬೇಟಿ, ಕಟ್ಟಾಕಿ ನಾನೇ,” ಎಂದಿದ್ದಳು. ಓಣಿಯ ಕೊನೆಯ ಮನೆಯ ಹೀರಾಬಾಯಿ ಲೀಡರ್. ಕುರಿ ಸಾಕುವ ಮನೆತನ. ನಾನು ಆಕೆಯನ್ನು ಕಾಕು ಎನ್ನುತ್ತಿದ್ದೆ. ಆಕೆ ಗಿಣಿಹಸಿರು ಖಣ ಕೊಟ್ಟಳು. ಮೂವತ್ತು ಸಾವಿರದಲ್ಲಿ ಹದಿನೇಳು ಸಾವಿರಕ್ಕೆ ಮಾವಶಿ ಮನೆಗೆ ತಗಡು ಹೊದಿಸಿದಳು. ಎಂಟು ಸಾವಿರ ನನ್ನ ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಕಟ್ಟಿದಳು. ಉಳಿದದ್ದು ಕಿರಾಣಿ ಅಂಗಡಿಗೆ ಹೋಯಿತು.

ಆರು ನೂರ ತೊಂಬತ್ತರಂತೆ ಐವತ್ತೆರಡು ಹಪ್ತಾ. ಮಾವಶಿ ಇಪ್ಪತ್ತೊಂದು ಕಟ್ಟಿದಳು. ಆಮೇಲೆ ಲಾಕ್‌ಡೌನ್ ಬಂತು, ಕೂಲಿ ನಿಂತಿತು. ಕಂಪನಿಯವರು ಮತ್ತೆ ಬಂದು ಹೀರಾಬಾಯಿಯ ಕಟ್ಟೆಯ ಮೇಲೆ ಕೂತಾಗ ಹದಿನಾರು ಹಪ್ತಾ ಹೀರಾಬಾಯಿ ಕಟ್ಟಿದಳು. ಅದಕ್ಕಾಗಿ ಎರಡು ಕುರಿ ಮಾರಿದಳು. ಮುಂದಿನ ಹದಿನೈದು ಯಾರೂ ಕಟ್ಟಲಿಲ್ಲ. ಅಷ್ಟರಲ್ಲಿ ನಾನು ಊರಿಗೆ ಬಂದಿದ್ದೆ. ನನ್ನ ಪಾಲಿಗೆ ವಿಷಯ ಮುಗಿದಿತ್ತು.

“ಕಟ್ಟಿಬಿಡ್ತೇನಿ,” ಎಂದೆ ಒವೈಸನಿಗೆ. “ಹತ್ತು ಸಾವಿರ ಅಲ್ಲೇನು.”

ಅವನು ಅಲ್ಲೇ ಕಂಪನಿಯ ನಂಬರಿಗೆ ಫೋನ್ ಹಚ್ಚಿದ. ಮಂಗಳವಾರದವರು ಭಾಲ್ಕಿಯ ಶಾಖೆ ಮುಚ್ಚಿ ಹಳೆಯ ಸಾಲಗಳನ್ನೆಲ್ಲ ವಸೂಲಿಗೆ ಮತ್ತೊಂದು ಕಂಪನಿಗೆ ಒಪ್ಪಿಸಿದ್ದರು. ಬಡ್ಡಿ ಸೇರಿ ಇಪ್ಪತ್ತನಾಲ್ಕು ಸಾವಿರದ ಎಂಟು ನೂರು ಎಂದರು. ಬೇಬಾಕಿ ಪತ್ರ ಬರಲು ಕಟ್ಟಿದ ಮೇಲೆ ನಲವತ್ತೈದು ದಿನ. ನನ್ನ ಹತ್ತಿರ ಇಪ್ಪತ್ತೈದು ದಿನ ಇದ್ದವು.

“ರೊಕ್ಕ ಕಟ್ಟಿನೂ ನೌಕರಿ ಹೋಗ್ತದ,” ಎಂದ ಒವೈಸ್. “ಈಗ ಇರೂದು ಒಂದೇ ದಾರಿ. ತಕರಾರು ಹಾಕೂದು. ಈ ಸಾಲ ನಂದಲ್ಲ, ನನ್ನ ಆಧಾರ್ ಯಾರೋ ವಾಪರಿಸ್ಯಾರ ಅಂತ. ಜೋಡಿ ಒಂದು ಪೊಲೀಸ್ ಕಂಪ್ಲೇಂಟು, ಮತ್ತ ಯಾರು ವಾಪರಿಸ್ಯಾರೋ ಅವರ ಒಪ್ಪಿಗಿ ಪತ್ರ. ಅದು ಕೊಟ್ರ ಹದಿನೈದು ದಿನದಾಗ ಹೆಸರು ತೆಗೀತಾರ. ಹತ್ತು ಸಾವಿರಕ್ಕ ಯಾರೂ ತಲಿ ಕೆಡಿಸಿಕೊಳ್ಳಂಗಿಲ್ಲ ಮೇಡಂ. ಒಪ್ಪಿಗಿ ಕೊಡೋರು ಇದ್ದಾರೇನು?”

“ಇದ್ದಾರ,” ಎಂದೆ.

ಮರುದಿನ ಭಾಲ್ಕಿಗೆ ಹೋದೆ. ಮಾವಶಿ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಮೂರು ಗಂಟೆಗೆ ಮನೆಗೆ ಬಂದಾಗ ನಾನು ಬಾಗಿಲಲ್ಲಿ ಕೂತಿದ್ದೆ.

“ಜೈಭೀಮ್ ಮಾವಶಿ.”

“ಜೈಭೀಮ್. ಏನ್ ಬೇಟಿ, ನೌಕರಿ ಪೇಡೆ ತಂದೀಯೇನು?”

“ಇನ್ನಾ ಇಲ್ಲ. ಒಂದು ಅಡ್ಡಿ ಬಂದದ.”

ಹೇಳಿದೆ. ಆಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಕೇಳಿದಳು. ಒವೈಸ್ ಟೈಪ್ ಮಾಡಿಕೊಟ್ಟಿದ್ದ ಒಪ್ಪಿಗೆ ಪತ್ರವನ್ನು ಓದಿ ಹೇಳಿದೆ. ನನ್ನ ಅಕ್ಕನ ಮಗಳ ಆಧಾರ್ ಕಾರ್ಡನ್ನು ಆಕೆಗೆ ತಿಳಿಯದಂತೆ ತೆಗೆದುಕೊಂಡು ಸಾಲ ಪಡೆದಿರುತ್ತೇನೆ ಎಂದು ಅದರಲ್ಲಿತ್ತು.

“ಅಂದ್ರ ನಾ ಕಳ್ಳಿ ಅಂತ ನಾನೇ ಬರಕೊಡಬೇಕು.”

“ಬರೇ ಕಾಗದದ ಮ್ಯಾಲ ಮಾವಶಿ.”

“ಅವತ್ತು ನಾನೂ ಹಿಂಗೇ ಅಂದಿದ್ದೆ.” ನಕ್ಕಳು. ನನಗೆ ನಗು ಬರಲಿಲ್ಲ. “ಪೊಲೀಸರು ಬರ್ತಾರೇನು?”

“ಬರೂದಿಲ್ಲಂತ. ಸಣ್ಣ ರೊಕ್ಕ.”

“ಅಂತ ಅಂದಾವ ಯಾರು?”

“ನೌಬಾದದಾಗ ಒಬ್ಬ ಹುಡುಗ ಇದ್ದಾನ. ಆನ್‌ಲೈನ್ ಅಂಗಡಿ.”

“ಝೆರಾಕ್ಸ್ ಅಂಗಡಿ ಹುಡುಗ ಹೇಳ್ಯಾನಂದ ಮ್ಯಾಲ ಮುಗೀತು. ಹೈಕೋರ್ಟೇ ಹೇಳಿದಂಗ.”

ಎದ್ದು ಚಹಾಕ್ಕಿಟ್ಟಳು. ಬಿಸಿಲಿಗೆ ತಗಡು ಟಕ್ ಟಕ್ ಎನ್ನುತ್ತಿತ್ತು.  ಕಪ್ಪು ಕೈಗೆ ಕೊಟ್ಟು ಹೇಳಿದಳು.

“ಒಂದು ಮಾತು. ಹೀರಾಬಾಯಿದು ಹನ್ನೊಂದು ಸಾವಿರ ಚಿಲ್ಲರೆ ನನ್ನ ಮ್ಯಾಲ ಅದ. ನನ್ನಿಂದ ಆಗಲಿಲ್ಲ. ಆಕಿ ನನ್ನ ಜೋಡಿ ಮಾತು ಬಿಟ್ಟು ನಾಲ್ಕು ವರ್ಷ ಮ್ಯಾಲಾಯ್ತು. ನಾ ನಳಕ್ಕ ಬಂದ್ರ ಆಕಿ ಅರ್ಧ ಕೊಡ ಎತ್ತಿಕೊಂಡು ಹೋಗ್ತಾಳ. ನಿನ್ನ ಮೊದಲನೇ ಪಗಾರದಾಗ ಆಕಿದು ಕೊಡ್ತೇನಂತ ಹೇಳು.”

“ಕೊಡ್ತೇನಿ.”

“ಹಂಗಾರ ತಾ ಇಲ್ಲಿ.”

ಮಾವಶಿ ಶಾಲೆ ಕಲಿತವಳಲ್ಲ. ಸಾಕ್ಷರತೆಯ ತರಗತಿಯಲ್ಲಿ ಹೆಸರು ಬರೆಯಲು ಕಲಿತಿದ್ದಳು. ಜಿ, ಜಾ, ಬಾ, ಯಿ. ನಾಲ್ಕು ಅಕ್ಷರ ನಾಲ್ಕು ಕಡೆ ನಿಂತಿದ್ದವು, ಒಂದಕ್ಕೊಂದು ಸಂಬಂಧವಿಲ್ಲದಂತೆ. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿ ಕೊಟ್ಟಳು.

ಬಸ್ಸಿಗೆ ಹೋಗುವಾಗ ಹೀರಾಬಾಯಿಯ ಮನೆಯ ಮುಂದಿನಿಂದಲೇ ಹೋದೆ. ಅಂಗಳದಲ್ಲಿ ಕುರಿಗಳಿದ್ದವು. ಒಳಗೆ ಹೋಗಿ ವಿಷಯ ತಿಳಿಸಬೇಕೆನಿಸಿತು. ಬರಿಗೈಲಿ ಏನು ಹೋಗುವುದು, ಪಗಾರ ಬಂದ ಮೇಲೆ ಹಣ ಹಿಡಿದುಕೊಂಡೇ ಹೋಗೋಣ ಎಂದುಕೊಂಡೆ. ಗುಂಪಿನ ಕಾಗದದಲ್ಲಿ ಪ್ರತಿಯೊಬ್ಬಳೂ ಉಳಿದ ನಾಲ್ವರಿಗೆ ಸಾಕ್ಷಿ ಎಂಬುದು ನನಗೆ ನೆನಪಾಗಲಿಲ್ಲ. ನಾನೂ ನಾಲ್ವರಿಗೆ ಸಾಕ್ಷಿ ಹಾಕಿದ್ದೆ. ನನಗೆ ಸಾಕ್ಷಿಯಾಗಿ ಹೀರಾಬಾಯಿಯೂ ಹೆಬ್ಬೆಟ್ಟು ಒತ್ತಿದ್ದಳು.

ಠಾಣೆಯಲ್ಲಿ ಕಂಪ್ಲೇಂಟು ಕೊಟ್ಟು ಸ್ವೀಕೃತಿ ತಂದೆ. ಒವೈಸ್ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳಿಸಿದ. ಹನ್ನೊಂದು ದಿನ ಏನೂ ಬರಲಿಲ್ಲ. ಎಕಂಬಾದಲ್ಲಿ ಅವ್ವ ನನಗಾಗಿ ಎರಡು ಹೊಸ ಸೀರೆ ತಂದಳು. ಆಫೀಸಿಗೆ ಚೂಡಿದಾರ ಹಾಕುತ್ತಾರೆ ಎಂದರೂ ಕೇಳಲಿಲ್ಲ.

ಹದಿನೆಂಟನೇ ತಾರೀಖು ಮಾವಶಿಯ ಫೋನ್ ಬಂತು.

“ಮಾಯಾ, ಕಂಪನಿಯಾವ ಒಬ್ಬ ಬಂದಿದ್ದ. ಗಾಡಿ ಮ್ಯಾಲ. ಹೆಲ್ಮೆಟ್ ಸುದ್ದಾ ತೆಗೀಲಿಲ್ಲ. ನನ್ನ ಹತ್ರ ಬರಲೇ ಇಲ್ಲ, ಸೀದಾ ಹೀರಾಬಾಯಿ ಮನಿಗಿ ಹೋದ.”

“ಆಕಿ ಹತ್ರ ಯಾಕ?”

“ಈ ಹುಡುಗಿ ಮಹಾಮಾಯಾನೇ ಅಂತ ನೀವೇ ಗವಾಹಿ ಹಾಕೀರಿ, ಈಗ ಆಕಿ ಸಾಲ ತಗೊಂಡೇ ಇಲ್ಲ ಅಂತಾಳ, ಹಂಗಾರ ಈ ಕಳ್ಳತನದಾಗ ನಿಮ್ದೂ ಪಾಲು ಅದ ಅಂದನಂತ. ಆಕಿ ಅಂಜಿದಳು. ಟ್ರಂಕಿನಾಗಿಂದ ಫೋಟೋ ತೆಗೆದು ಕೈಯಾಗ ಕೊಟ್ಟಳು.”

“ಯಾವ ಫೋಟೋ?”

“ಐದೂ ಮಂದಿ ನಿಂತಿದ್ರಲ್ಲ ಬೇಟಿ, ಆ ಫೋಟೋ. ನಾ ಕಟ್ಟಿ ಮ್ಯಾಲ ಕುಂತು ನೋಡಿದ್ದೆ.”

“ಆಕಿಗಿ ಮೊದಲೇ ಹೇಳಬೇಕಾಗಿತ್ತು ಮಾವಶಿ.”

“ಹೌದು. ಹೇಳಬೇಕಾಗಿತ್ತು.” ಯಾರು ಎಂದು ಆಕೆ ಹೇಳಲಿಲ್ಲ.

ಮರುದಿನ ಮೇಲ್ ಬಂತು. ಅರ್ಜಿದಾರರು ಗುಂಪಿನ ಭಾವಚಿತ್ರದಲ್ಲಿ ಸ್ವತಃ ಹಾಜರಿರುವುದರಿಂದ ತಕರಾರನ್ನು ತಿರಸ್ಕರಿಸಲಾಗಿದೆ, ಹೆಚ್ಚಿನ ವಿವರಣೆ ಇದ್ದರೆ ಸಲ್ಲಿಸಬಹುದು. ಕೆಳಗೆ ಫೋಟೋ ಇತ್ತು. ಹೀರಾಬಾಯಿಯ ಮನೆಯ ನೀಲಿ ಗೋಡೆ. ಐವರು ಸಾಲಾಗಿ ನಿಂತಿದ್ದಾರೆ. ನಡುವೆ ನಾನು ಸ್ಲೇಟು ಹಿಡಿದಿದ್ದೇನೆ. ಸ್ಲೇಟಿನ ಮೇಲೆ ಗುಂಪಿನ ನಂಬರು, ತಾರೀಖು, ಐವರ ಹೆಸರು. ಐವರಲ್ಲಿ ಅಕ್ಷರ ಚೆನ್ನಾಗಿ ಬರೆಯುವವಳು ನಾನೊಬ್ಬಳೇ ಎಂದು ನನ್ನಿಂದಲೇ ಬರೆಸಿದ್ದರು.

ಒವೈಸ್ ಫೋಟೋವನ್ನು ದೊಡ್ಡದು ಮಾಡಿ ನೋಡಿದ. “ನಕ್ಕೀರಲ್ರೀ ಮೇಡಂ,” ಎಂದ.

“ಈಗೇನು ಮಾಡೂದು ಭಾಯಿ?”

“ಒಂಬತ್ತು ದಿನ ಅವ.” ಸ್ವಲ್ಪ ಹೊತ್ತು ಮೌಸ್ ಅಲ್ಲಾಡಿಸಿದ. “ನೋಡ್ರಿ, ನಿಂತಿದ್ದು ಖರೆ. ಇಲ್ಲ ಅನ್ನಾಕ ಬರಂಗಿಲ್ಲ. ಆದ್ರ ಯಾಕ ನಿಲ್ಲಿಸ್ಯಾರ ಅಂತ ಗೊತ್ತಿದ್ದಿಲ್ಲ ಅನಬೌದು. ಹೊಲಿಗಿ ಟ್ರೇನಿಂಗ್ ಫೋಟೋ ಅಂತ ಸುಳ್ಳು ಹೇಳಿ ನಿಲ್ಲಿಸಿದ್ರು. ಯಾರು ಹೇಳಿದ್ರು? ನಿಮ್ಮ ಮಾವಶಿ ಹೇಳಿದ್ರು ಅಂದ್ರ ಕಂಪನಿ ಬಗ್ಗಂಗಿಲ್ಲ, ಅದು ನಿಮ್ಮ ಮನಿ ಜಗಳ. ಲೀಡರ್ ಹೇಳಿದಳು ಅನ್ನಬೇಕು. ಲೀಡರ್ ಅಂದ್ರ ಕಂಪನಿ ನೇಮಿಸಿದಾಕಿ. ಆಕಿ ಮೋಸ ಮಾಡ್ಯಾಳಂದ್ರ ತಪ್ಪು ಕಂಪನಿ ಕೊರಳಿಗೂ ಬರ್ತದ. ಆವಾಗ ಅವರು ಲಗೂನ ಕೈ ತೊಳಕೋತಾರ.”

“ಆಕಿಗಿ ಏನಾಗ್ತದ?”

“ನನಗ ಮಾಲೂಮಿಲ್ಲ.”

“ಟೈಪ್ ಮಾಡ್ರಿ.”

ಅವನು ಕೀಬೋರ್ಡನ್ನು ನನ್ನ ಕಡೆ ಸರಿಸಿದ. “ನೀವೇ ಮಾಡ್ರಿ. ನಾ ಚಹಾ ಕುಡದು ಬರ್ತೇನಿ.”

“ಮೊದಲಿಂದು ನೀವೇ ಮಾಡಿದ್ರಲ್ಲ?”

“ನಮ್ಮ ಅಮ್ಮೀನೂ ಶುಕ್ರವಾರದ ಸಂಘಕ್ಕ ಲೀಡರ್ ಇದ್ದಾಳ್ರಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಬೇರೆ ದಾರಿ ಕಾಣಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು. ಕಂಡಿತ್ತು. ನೌಕರಿ ಬಿಟ್ಟುಬಿಡುವುದು ಒಂದು ದಾರಿಯೇ. ಅದನ್ನು ನಾನು ದಾರಿ ಎಂದು ಎಣಿಸಲಿಲ್ಲ. ಐದನೇ ಸಲ ಪರೀಕ್ಷೆ, ಮತ್ತೆ ಅದೇ ಪುಸ್ತಕ, ಔರಾದಿನ ಬಟ್ಟೆ ಅಂಗಡಿಯಲ್ಲಿ ಆರು ಸಾವಿರಕ್ಕೆ ಬಿಲ್ ಬರೆಯುವುದು. ಮುಂದಿನ ಸಲ ಪಾಸಾದರೂ ಈ ವರದಿ ಇದ್ದಲ್ಲೇ ಇರುತ್ತದೆ. ಇದನ್ನೆಲ್ಲ ಯೋಚಿಸಲು ಎರಡು ನಿಮಿಷ ಸಾಕಾಯಿತು.

‘ನನಗೆ ಪರಿಚಯವಿಲ್ಲದ ಹೀರಾಬಾಯಿ ಎಂಬ ಮಹಿಳೆಯು ಹೊಲಿಗೆ ತರಬೇತಿಯ ಪ್ರಮಾಣಪತ್ರಕ್ಕೆಂದು ಹೇಳಿ ನನ್ನನ್ನು ನಿಲ್ಲಿಸಿ ಭಾವಚಿತ್ರ ತೆಗೆಸಿದ್ದು, ಸದರಿಯವಳು ಜಿಜಾಬಾಯಿಯೊಂದಿಗೆ ಸೇರಿ ನನ್ನ ದಾಖಲೆಗಳನ್ನು ದುರುಪಯೋಗಪಡಿಸಿರುತ್ತಾಳೆ.’ ಒಟ್ಟು ಆರು ವಾಕ್ಯ ಬರೆದೆ. ಪರಿಚಯವಿಲ್ಲದ ಎಂಬುದನ್ನು ಒವೈಸ್ ಹೇಳಿಕೊಟ್ಟಿರಲಿಲ್ಲ. ಅದು ಹಾಕಿದರೆ ಬಲ ಬರುತ್ತದೆ ಎಂದು ನನಗೇ ಹೊಳೆಯಿತು. ಅದರ ಒಂದು ಪ್ರತಿ ಠಾಣೆಗೆ, ಒಂದು ಪ್ರತಿ ಕಂಪನಿಗೆ.

ಮಾವಶಿಗೆ ಫೋನ್ ಮಾಡಲಿಲ್ಲ.

ಇಪ್ಪತ್ತೈದನೇ ತಾರೀಖು ಒವೈಸ್ ಹೊಸ ವರದಿ ತೆಗೆದ. ಈ ಸಲ ಎರಡೇ ಹಾಳೆ. ಅಂಕ ಇರಬೇಕಾದ ಜಾಗದಲ್ಲಿ ಮೈನಸ್ ಒಂದು ಎಂದಿತ್ತು.

“ಅಂಜಬ್ಯಾಡ್ರಿ. ಇದು ಛಲೋ ನಂಬರು. ಇದ್ದ ಒಂದು ಸಾಲನೂ ತೆಗೆದಾರ. ಇನ್ನ ನಿಮ್ಮ ಹೆಸರ ಮ್ಯಾಲ ಏನೂ ಇಲ್ಲ. ಬ್ಯಾಂಕಿನ ಲೆಕ್ಕದಾಗ ನೀವಿನ್ನಾ ಹುಟ್ಟೇ ಇಲ್ಲ.” ನಾಲ್ಕು ನೂರು ರೂಪಾಯಿ ತೆಗೆದುಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ. “ಒಂದು ಮಾತು ನೆನಪಿಡ್ರಿ ಮೇಡಂ. ಈ ಸಾಲಕ್ಕ ನಿಮ್ಮ ಖಾತಾದಿಂದ ಒಂದು ರೂಪಾಯಿನೂ ಹೋಗಬಾರದು. ಅವರಿಗಿ ಕಳಿಸಿದ್ರ ಇವರಿಗಿ ಕಳಿಸಿದ್ರ, ಸಾಲ ನಿಮ್ದೇ ಅಂತ ನೀವೇ ಒಪ್ಪಿದಂಗ. ಫೈಲ್ ಮತ್ತ ತೆಗೀತಾರ. ಬರದಿದ್ದು ಸುಳ್ಳು ಅಂತ ಆಗ್ತದ. ಆವಾಗ ಸಿಬಿಲ್ ಅಷ್ಟೇ ಅಲ್ಲ.”

ಇಪ್ಪತ್ತೆಂಟಕ್ಕೆ ಹಾಜರಾದೆ. ಔರಾದ ಶಾಖೆಯೇ ಸಿಕ್ಕಿತು. ಎಕಂಬಾದಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಅವ್ವ ನಮ್ಮ ಓಣಿಗೆಲ್ಲ ಪೇಡೆ ಹಂಚಿದಳು. ಭಾಲ್ಕಿಗೂ ಒಂದು ಡಬ್ಬಿ ತೆಗೆದಿಟ್ಟಿದ್ದಳು. ನಾಲ್ಕು ದಿನವಾದ ಮೇಲೆ ಅವು ಗಟ್ಟಿಯಾದವು.

“ಜಿಜಾ ಫೋನ್ ಎತ್ತವಲ್ಲಳು,” ಎಂದಳು ಅವ್ವ. “ಏನಾಗ್ಯಾದ?”

“ಕೆಲಸ ಇರಬೇಕು.”

ಏನಾಗಿದೆ ಎಂಬುದು ತುಂಡು ತುಂಡಾಗಿ ತಿಳಿಯಿತು, ಆ ಓಣಿಯಿಂದ ನಮ್ಮ ಊರಿಗೆ ಬರುವವರಿಂದ. ಠಾಣೆಯಿಂದ ಇಬ್ಬರಿಗೂ ಕರೆ ಬಂದಿತ್ತು. ಮಾತು ಬಿಟ್ಟವರಿಬ್ಬರು ಎರಡು ದಿನ ಒಂದೇ ಬೆಂಚಿನ ಮೇಲೆ ಕೂತಿದ್ದರು. ಇಪ್ಪತ್ತನಾಲ್ಕು ಸಾವಿರದ ಎಂಟು ನೂರನ್ನು ಇಬ್ಬರೂ ಸೇರಿ ಕಟ್ಟಿದರೆ ಕೇಸು ಮುಂದುವರಿಸುವುದಿಲ್ಲ ಎಂದು ಕಂಪನಿಯವನು ಬರೆಸಿಕೊಂಡಿದ್ದ. ಹೀರಾಬಾಯಿ ಮೂರು ಕುರಿ ಮಾರಿದಳು. ಮಾವಶಿ ಶುಕ್ರವಾರದವರ ಹತ್ತಿರ ಹೋದಳು, ಅವರು ಕೊಡಲಿಲ್ಲ. ತಗಡು ಬಿಚ್ಚಿ ಮಾರಿ ಹಿಂದಿನ ಕೋಣೆಗೆ ತಾಡಪತ್ರಿ ಕಟ್ಟಿಕೊಂಡಳು.

ಶಾಲೆಯ ಅಡುಗೆ ಕೆಲಸವೂ ಹೋಯಿತು. ಠಾಣೆಗೆ ಹೋಗಿ ಬಂದವಳ ಕೈಯಿಂದ ಮಕ್ಕಳಿಗೆ ಊಟ ಬೇಡ ಎಂದು ಕೆಲವು ಪಾಲಕರು ಅರ್ಜಿ ಕೊಟ್ಟರಂತೆ. ಆಕೆ ಅಡುಗೆ ಮಾಡುವುದು ಅವರಿಗೆ ಮೊದಲಿನಿಂದಲೂ ಬೇಡವಾಗಿತ್ತು. ಅದಕ್ಕೆ ಅವರ ಹತ್ತಿರ ಇದ್ದ ಕಾರಣವನ್ನು ಕಾಗದದ ಮೇಲೆ ಬರೆಯಲು ಬರುತ್ತಿರಲಿಲ್ಲ. ಬರೆಯಬಹುದಾದ ಕಾರಣವನ್ನು ನಾನು ಒದಗಿಸಿದೆ.

ಅವ್ವ ಇದನ್ನೆಲ್ಲ ಕೇಳಿದ ದಿನ ನನ್ನ ಜೊತೆ ಜಗಳ ಮಾಡಲಿಲ್ಲ. ಬುತ್ತಿ ಕಟ್ಟಿಕೊಡುವುದನ್ನು ಮಾತ್ರ ನಿಲ್ಲಿಸಿದಳು. ನಾನೇ ಕಟ್ಟಿಕೊಂಡು ಹೋಗತೊಡಗಿದೆ.

ಮೊದಲನೇ ಪೂರ್ತಿ ಪಗಾರ ಬಂದಿದ್ದು ಡಿಸೆಂಬರ್ ಕೊನೆಗೆ. ಇಪ್ಪತ್ತು ಸಾವಿರ ನಗದು ತೆಗೆದು ಭಾನುವಾರ ಭಾಲ್ಕಿಗೆ ಹೋದೆ. ಮಾವಶಿಯ ಬಾಗಿಲಿಗೆ ಕೀಲಿ ಇತ್ತು. ತಗಡಿಲ್ಲದ ಗೋಡೆಯ ಮೇಲೆ ಒಂದು ಬೆಕ್ಕು ಕೂತಿತ್ತು.

ಹೀರಾಬಾಯಿ ಅಂಗಳದಲ್ಲಿ ತೊಗರಿ ಕಟ್ಟಿಗೆ ಮುರಿಯುತ್ತಿದ್ದಳು. ಕುರಿಗಳಲ್ಲಿ ಎರಡು ಉಳಿದಿದ್ದವು. ನನ್ನನ್ನು ನೋಡಿದಳು. ಕೈ ನಿಲ್ಲಿಸಲಿಲ್ಲ.

“ಯಾರು ಬೇಕಾಗಿತ್ತರಿ?”

ಆಕೆ ನನ್ನನ್ನು ಎಂದೂ ‘ರಿ’ ಹಚ್ಚಿ ಮಾತಾಡಿಸಿದವಳಲ್ಲ. ಏ ಪೋರಿ ಎನ್ನುತ್ತಿದ್ದಳು, ಸಿಟ್ಟು ಬಂದಾಗ ಕತ್ತೆ ಎಂಬ ಅರ್ಥದಲ್ಲಿ ಏ ಕತ್ತಿ.

“ಕಾಕು, ನಾ ಮಾಯಾ.”

“ಯಾವ ಮಾಯಾರಿ?”

“ಕಾಕು, ನಿನ್ನ ಹನ್ನೊಂದು ಸಾವಿರ ತಂದೇನಿ. ಕುರಿದೂ ಕೊಡ್ತೇನಿ, ಮುಂದಿನ ತಿಂಗಳು. ಮಾವಶಿ ಎಲ್ಲಿಗಿ ಹೋಗ್ಯಾಳ?”

“ಜಿಜಾ ತೊಗರಿ ಕೊಯ್ಯಾಕ ಹೋಗ್ಯಾಳ. ನನಗ ಇವತ್ತ ಕಾಲು ನೋವಂತ ಉಳದೇನಿ. ದಿನಾ ಇಬ್ರೂ ಕೂಡೇ ಹೋಗ್ತೇವಿ.” ಒಂದು ಕಟ್ಟಿಗೆಯನ್ನು ಮೊಣಕಾಲಿಗೆ ಒತ್ತಿ ಮುರಿದಳು. “ಎರಡು ದಿನ ಒಂದೇ ಬೆಂಚಿನ ಮ್ಯಾಲ ಕುಂತ್ರ ಮಾತು ಬಿಟ್ಟಿರಾಕ ಆಗಂಗಿಲ್ಲರಿ. ಉಚ್ಚಿಗಿ ಹೋಗಬೇಕಂದ್ರೂ ಕೇಳೇ ಹೋಗಬೇಕು.”

ನಾನು ಹಣವನ್ನು ಕಟ್ಟೆಯ ಮೇಲಿಟ್ಟೆ.

“ಎತ್ತಿಕೊಳ್ರಿ,” ಎಂದಳು. “ಠಾಣೇದಾಗ ನನಗ ಓದಿ ಹೇಳ್ಯಾರ. ಹೀರಾಬಾಯಿ ಅನ್ನಾಕಿ ಯಾರೋ ಏನೋ, ನನಗ ಪರಿಚಯ ಇಲ್ಲ ಅಂತ ಬರದೀರಿ. ಜಿಜಾ ಸುದ್ದಾ ಕೇಳ್ಯಾಳ. ನಮ್ಮ ಮನಿ ಜ್ವಾಳದ ರೊಟ್ಟಿ ಎರಡು ವರ್ಷ ತಿಂದೀರಿ, ಅದಿರಲಿ, ರೊಟ್ಟಿ ಯಾರದಾದ್ರೇನು. ಪರಿಚಯ ಇಲ್ಲದವರ ರೊಕ್ಕ ಮುಟ್ಟಿದ್ರ ಮತ್ತೊಂದು ಕಾಗದ ಬರ್ತದ.”

“ಬರೂದಿಲ್ಲ ಕಾಕು.”

“ಪೊಲೀಸರೂ ಬರೂದಿಲ್ಲಂತ ಜಿಜಾಗ ಹೇಳಿದ್ರಂತಲ್ಲ.”

ಹಣ ಎತ್ತಿಕೊಂಡೆ. ಗೇಟಿನವರೆಗೆ ಬಂದಾಗ ಕರೆದಳು.

“ನೋಡ್ರಿ. ಒಂದು ಗಿಣಿಹಸರು ಖಣ ಕೊಟ್ಟಿದ್ದೆ. ಅದು ಹೆಸರು ಕೊಟ್ಟಾಕಿಗಿ ಕೊಡೂದು. ಹೆಸರೇ ಕೊಟ್ಟಿಲ್ಲಂದ ಮ್ಯಾಲ ಅದು ನನ್ನದು. ಅದಷ್ಟು ತಂದುಕೊಡ್ರಿ.”

ಆ ಖಣವನ್ನು ಹೊಲಿಸಿ ನಾಲ್ಕು ವರ್ಷ ತೊಟ್ಟಿದ್ದೆ. ಮೊದಲ ಎರಡು ಪರೀಕ್ಷೆಗಳಿಗೂ ಅದನ್ನೇ ತೊಟ್ಟು ಹೋಗಿದ್ದೆ. ಕಂಕುಳಲ್ಲಿ ಹರಿದ ಮೇಲೆ ಎಲ್ಲಿ ಹೋಯಿತೋ ತಿಳಿದಿರಲಿಲ್ಲ. ಮನೆಗೆ ಬಂದು ಟ್ರಂಕು ಹುಡುಕಿದೆ. ಸಿಗಲಿಲ್ಲ. ಅಡುಗೆ ಮನೆಯಲ್ಲಿ ಅವ್ವ ಒಲೆಯಿಂದ ತವೆ ಇಳಿಸುತ್ತಿದ್ದಳು. ಕೈಯಲ್ಲಿ ಹಿಡಿದಿದ್ದ ಮಸಿಬಟ್ಟೆಯ ಒಂದು ಅಂಚು ಹಸಿರಿತ್ತು.

“ಅವ್ವಾ, ಆ ಅರಿವಿ ಕೊಡು.”

“ಯಾಕ?”

“ಹೀರಾಕಾಕು ವಾಪಸ್ ಕೇಳ್ಯಾಳ.”

ಅವ್ವ ಬಟ್ಟೆಯನ್ನು ತಿರುಗಿಸಿ ನೋಡಿದಳು. ಒಂದು ತೋಳು, ಅರ್ಧ ಬೆನ್ನು. “ಇದನ್ನ ತಗೋತಾಳೇನು?”

“ರೊಕ್ಕ ತಗೊಳ್ಳಲಿಲ್ಲ. ಇದು ತಗೋತಾಳ.”

ಅವ್ವ ಅದನ್ನು ಸೋಡಾ ಹಾಕಿ ನೆನೆಸಿದಳು. ಎರಡು ಸಲ ಒಗೆದರೂ ಮಸಿ ಹೋಗಲಿಲ್ಲ. ಮತ್ತೆ ಭಾಲ್ಕಿಗೆ ಹೋಗುವ ಮುಖ ನನಗಿರಲಿಲ್ಲ. ಮಂಗಳವಾರ ಊಟದ ಬಿಡುವಿನಲ್ಲಿ ಔರಾದಿನ ಅಂಚೆ ಕಚೇರಿಗೆ ಹೋಗಿ, ಬಟ್ಟೆಯನ್ನು ಮಡಚಿ ಲಕೋಟೆಗೆ ಹಾಕಿ ರಿಜಿಸ್ಟರ್ ಮಾಡಿದೆ. ಒಳಗೆ ಏನಿದೆ ಎಂದು ಕೇಳಿದರು. ಬಟ್ಟೆ ಎಂದೆ.

ಎಂಟು ದಿನಕ್ಕೆ ಸ್ವೀಕೃತಿ ಚೀಟಿ ಶಾಖೆಯ ವಿಳಾಸಕ್ಕೆ ವಾಪಸ್ ಬಂತು. ಪಡೆದವರು ಎಂಬಲ್ಲಿ ನೀಲಿ ಹೆಬ್ಬೆಟ್ಟು. ಹೆಬ್ಬೆಟ್ಟು ಯಾರದೆಂದು ಗುರುತಿಸಲು ಪಕ್ಕದಲ್ಲಿ ಸಾಕ್ಷಿ ಹಾಕಿಸಿದ್ದರು. ನಾಲ್ಕು ದೊಡ್ಡ ಅಕ್ಷರ, ಒಂದಕ್ಕೊಂದು ದೂರ ನಿಂತಿದ್ದವು. ಜಿ, ಜಾ, ಬಾ, ಯಿ.